ತಪ್ಪಿದ ತಾರೀಖು, ಹೊರಟ ವಾರಂಟ್: ತಾಲೂಕು ಕೋರ್ಟಿನಲ್ಲಿ ಪತ್ತೆ ಹಚ್ಚುವುದು ಹೇಗೆ, ರದ್ದು ಮಾಡಿಸುವುದು ಹೇಗೆ

ಬೀಟ್ ಪೊಲೀಸರು ಮನೆ ಮುಂದೆ ಬೈಕ್ ನಿಲ್ಲಿಸುತ್ತಾರೆ. "ನಿಮ್ಮ ಮಗ ಎಲ್ಲಿದ್ದಾನೆ? ಕೋರ್ಟಿಂದ ವಾರಂಟ್ ಇದೆ" ಅಂತ ಹೇಳಿ ಹೋಗುತ್ತಾರೆ. ಅವತ್ತು ಆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ತಾಯಿ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿ, "ಸದ್ಯಕ್ಕೆ ಊರ ಕಡೆ ಬರಬೇಡಪ್ಪಾ" ಅನ್ನುತ್ತಾಳೆ. ಮಗ ಬರುವುದಿಲ್ಲ. ಜಾತ್ರೆಗೂ ಬರುವುದಿಲ್ಲ, ತಂಗಿಯ ಮದುವೆಗೆ ಬಂದರೂ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗುತ್ತಾನೆ. ಹೀಗೇ ವರ್ಷಗಳು ಕಳೆಯುತ್ತವೆ.

ಆ ಮನೆಯವರಿಗೆ ಯಾರಾದರೂ ಕೂತು ಬಿಡಿಸಿ ಹೇಳಬೇಕಾದ ವಿಷಯ ಇದು. ಇಂಥ ವಾರಂಟ್‌ಗಳಲ್ಲಿ ಬಹಳಷ್ಟನ್ನು ಒಬ್ಬ ವಕೀಲರನ್ನು ಹಿಡಿದು, ಒಂದು ಅರ್ಜಿ ಹಾಕಿ, ಒಂದೆರಡು ದಿನದಲ್ಲಿ ವಾಪಸ್ ಪಡೆಯಬಹುದು. ಆದರೆ ಪೊಲೀಸರು ಹಿಡಿದುಕೊಂಡು ಹೋಗಿ ನಿಲ್ಲಿಸುವುದಕ್ಕೂ, ನಾವೇ ನಡೆದು ಹೋಗಿ ನಿಲ್ಲುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸಿಂಧನೂರು ತಾಲೂಕಿನ ಒಂದು ಹಳ್ಳಿ. 2019ರಲ್ಲಿ ಹೊಲದ ಬದುವಿನ ವಿಷಯಕ್ಕೆ ಎರಡು ಮನೆಗಳ ನಡುವೆ ಜಗಳ. ಕೈ ಕೈ ಮಿಲಾಯಿಸಿ ಕೇಸ್ ಆಯಿತು. ನಾಲ್ಕು ಜನ ಆರೋಪಿಗಳು. ಮೂರನೆಯವನು ಒಬ್ಬ ಹುಡುಗ. ಊರ ಹಿರಿಯರೊಬ್ಬರು ತಮ್ಮ ಪಹಣಿ ಕೊಟ್ಟು ಅವನಿಗೆ ಜಾಮೀನು ನಿಂತರು. ಎರಡು ತಾರೀಖಿಗೆ ಹೋದ. ಆಮೇಲೆ ಮಳೆ ಕೈಕೊಟ್ಟಿತು, ಮನೆಯವರೆಲ್ಲ ಗುಳೆ ಹೊರಟರು, ಅವನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ. ಮುಂದಿನ ತಾರೀಖಿನ ದಿನ ಕೋರ್ಟಿನಲ್ಲಿ ಅವನ ಹೆಸರು ಕೂಗಿದರು. ಅವನಿರಲಿಲ್ಲ. ಅವನ ಪರವಾಗಿ ಯಾರೂ ಅರ್ಜಿ ಕೊಟ್ಟಿರಲಿಲ್ಲ. ಅವತ್ತೇ ವಾರಂಟ್ ಆಯಿತು.

ಈ ಹುಡುಗ ಯಾರಿಗೂ ಮೋಸ ಮಾಡಿ ಓಡಿಹೋದವನಲ್ಲ. ಆದರೆ ಫೈಲಿನಲ್ಲಿ ಇರುವುದು ಒಂದೇ ಪದ: ಗೈರು.

ಸಮನ್ಸ್, ಬೇಲಬಲ್ ವಾರಂಟ್, ಎನ್‌ಬಿಡಬ್ಲ್ಯೂ

ಮನೆಗೆ ಬಂದ ಕಾಗದ ಯಾವುದು ಅಂತ ಮೊದಲು ತಿಳಿದುಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಸಮನ್ಸ್‌ಗೂ ವಾರಂಟ್ ಅಂತಲೇ ಹೆದರುತ್ತಾರೆ.

ಸಮನ್ಸ್ ಅಂದರೆ ಬರೀ ಕರೆ. ಇಂಥ ದಿನ ಇಂಥ ಕೋರ್ಟಿಗೆ ಬನ್ನಿ ಅನ್ನುವ ಕಾಗದ. ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಬೇಲಬಲ್ ವಾರಂಟ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಎಷ್ಟು ಹಣದ ಬಾಂಡ್, ಎಷ್ಟು ಜನ ಜಾಮೀನುದಾರರು, ಯಾವ ದಿನ ಕೋರ್ಟಿಗೆ ಬರಬೇಕು ಅಂತ ನ್ಯಾಯಾಧೀಶರು ಅದರ ಮೇಲೆಯೇ ಬರೆದಿರುತ್ತಾರೆ. ಪೊಲೀಸರು ಹಿಡಿದರೂ, ಆ ಬಾಂಡ್ ಕೊಟ್ಟರೆ ಬಿಡಬೇಕು. ಮೂರನೆಯದು ಜಾಮೀನುರಹಿತ ವಾರಂಟ್. ಕೋರ್ಟ್ ಆವರಣದಲ್ಲಿ ಎಲ್ಲರೂ ಇದನ್ನು ಎನ್‌ಬಿಡಬ್ಲ್ಯೂ ಅನ್ನುತ್ತಾರೆ. ಇದರಲ್ಲಿ ಸ್ಟೇಷನ್‌ನಲ್ಲಿ ಬಿಡುವ ಅಧಿಕಾರ ಪೊಲೀಸರಿಗೆ ಇಲ್ಲ. ಕೋರ್ಟಿನ ಮುಂದೆ ನಿಲ್ಲಿಸಲೇಬೇಕು.

ಇಲ್ಲಿ ಒಂದು ಗೊಂದಲ ಆಗುತ್ತದೆ. ಜಾಮೀನುರಹಿತ ವಾರಂಟ್ ಅಂದ ಮಾತ್ರಕ್ಕೆ ಕೇಸೂ ಜಾಮೀನುರಹಿತ ಅಂತಲ್ಲ. ಸಣ್ಣ ಹೊಡೆದಾಟದ ಕೇಸಿನಲ್ಲೂ, ಚೆಕ್ ಬೌನ್ಸ್ ಕೇಸಿನಲ್ಲೂ ತಾರೀಖು ತಪ್ಪಿಸಿದರೆ ಎನ್‌ಬಿಡಬ್ಲ್ಯೂ ಆಗಬಹುದು. ಹಾಗೆಯೇ "ನಮ್ಮದು ಬೇಲಬಲ್ ಕೇಸು, ಏನೂ ಆಗಲ್ಲ" ಅಂತ ಸುಮ್ನೆ ಕೂರುವುದೂ ತಪ್ಪು. ಬಾಂಡ್ ಬರೆದುಕೊಟ್ಟು ಮಾತು ಮುರಿದವರಿಗೆ, ಬೇಲಬಲ್ ಕೇಸಿನಲ್ಲೂ ಮತ್ತೆ ಜಾಮೀನು ನಿರಾಕರಿಸುವ ಅಧಿಕಾರ ಕೋರ್ಟಿಗೆ ಇದೆ.

ಈ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಹತ್ತಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಕೇಸಿನಲ್ಲಿ ಹೇಳಿದೆ. ಮೊದಲು ಸಮನ್ಸ್, ಆಮೇಲೆ ಬೇಲಬಲ್ ವಾರಂಟ್, ಅದಕ್ಕೂ ಬಗ್ಗದಿದ್ದರೆ ಎನ್‌ಬಿಡಬ್ಲ್ಯೂ. ಇದು ಮಾಮೂಲಿ ಕೇಸುಗಳ ಮಾತು, ಗಂಭೀರ ಅಪರಾಧಗಳಿಗೆ ಬೇರೆ ಲೆಕ್ಕ. ಆದರೆ ನಮ್ಮ ಹುಡುಗನ ಹಾಗೆ ಒಮ್ಮೆ ಬಾಂಡ್ ಕೊಟ್ಟು ಹೊರಗೆ ಬಂದವನು ಬರದೇ ಹೋದರೆ, ಕೋರ್ಟ್ ನೇರವಾಗಿ ಎನ್‌ಬಿಡಬ್ಲ್ಯೂ ಮಾಡುವುದೇ ಜಾಸ್ತಿ. "ಬರುತ್ತೇನೆ" ಅಂತ ಬರೆದುಕೊಟ್ಟಿದ್ದ ಅಲ್ವಾ, ಅದಕ್ಕೆ.

ತಾರೀಖು ತಪ್ಪುವುದು ಯಾಕೆ

ಹಳ್ಳಿಯವರ ಕೇಸುಗಳಲ್ಲಿ ಬೇಕಂತಲೇ ತಪ್ಪಿಸಿಕೊಳ್ಳುವವರಿಗಿಂತ ಗೊತ್ತಾಗದೇ ಸಿಕ್ಕಿಹಾಕಿಕೊಳ್ಳುವವರ ಬಗ್ಗೆ ನನಗೆ ಜಾಸ್ತಿ ಸಂಕಟ. ಅವರ ಕಾರಣಗಳನ್ನು ಕೋರ್ಟಿನ ಮುಂದೆ ಯಾರೂ ಇಡುವುದೇ ಇಲ್ಲ.

ಒಂದು, ವಿಳಾಸ. ಕೇಸಿನ ಕಾಗದದಲ್ಲಿ ಊರಿನ ವಿಳಾಸ ಇರುತ್ತದೆ. ಮನುಷ್ಯ ಬೆಂಗಳೂರು, ಗೋವಾ, ಮುಂಬೈಗೆ ದುಡಿಯಲು ಹೋಗಿರುತ್ತಾನೆ. ಸಮನ್ಸನ್ನು ಮನೆಯ ವಯಸ್ಕರ ಕೈಗೆ ಕೊಟ್ಟರೂ ಸಾಕು ಅನ್ನುತ್ತದೆ ಕಾನೂನು. ಮೊದಲು ಮನೆಯ ವಯಸ್ಕ ಗಂಡಸರಿಗೆ ಮಾತ್ರ ಕೊಡಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಈ ಭೇದ ತೆಗೆದುಹಾಕಿದೆ. ಈಗ ತಾಯಿಯ ಕೈಗೋ ಹೆಂಡತಿಯ ಕೈಗೋ ಕೊಟ್ಟರೂ ನಿಮಗೆ ಮುಟ್ಟಿದ ಹಾಗೆಯೇ. ಆದ್ದರಿಂದ ಕೋರ್ಟಿನ ಯಾವುದೇ ಕಾಗದ ಬಂದರೂ ಫೋಟೋ ತೆಗೆದು ಕಳಿಸಿ ಅಂತ ಮನೆಯಲ್ಲಿ ಹೇಳಿಡಬೇಕು.

ಎರಡನೆಯದು ಇನ್ನೂ ನೋವಿನದು. ಊರಿನಲ್ಲಿ ರಾಜಿ ಆಗಿರುತ್ತದೆ. ಹಿರಿಯರು ಕೂತು ಮಾತಾಡಿ, ಎರಡೂ ಮನೆಯವರು ಒಟ್ಟಿಗೆ ಉಂಡಿರುತ್ತಾರೆ. ಕೇಸ್ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಊರ ಕಟ್ಟೆಯ ರಾಜಿ ಕೋರ್ಟಿಗೆ ತಿಳಿಯುವುದು ಹೇಗೆ? ಹಳೆಯ ದಂಡ ಸಂಹಿತೆಯ 323, 504, 506ರಂಥ, ಅಂದರೆ ಸಣ್ಣ ಹೊಡೆತ, ಅವಮಾನ, ಬೆದರಿಕೆಯ ಸೆಕ್ಷನ್‌ಗಳನ್ನು ರಾಜಿ ಮಾಡಿಕೊಳ್ಳಬಹುದು. ಆದರೆ ಆ ರಾಜಿಯನ್ನು ಕೋರ್ಟಿನಲ್ಲಿ ಹಾಕಿ ದಾಖಲು ಮಾಡಿಸಬೇಕು. ಕೆಲವು ಸೆಕ್ಷನ್‌ಗಳಿಗೆ ತಾಲೂಕು ಕೋರ್ಟಿನಲ್ಲಿ ರಾಜಿಗೆ ಅವಕಾಶವೇ ಇಲ್ಲ. ಕೇಸನ್ನೇ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗಬೇಕು. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲೂ ಕಲಬುರಗಿಯಲ್ಲೂ ಹೈಕೋರ್ಟ್ ಪೀಠ ಇರುವುದರಿಂದ ಇದಕ್ಕಾಗಿ ಬೆಂಗಳೂರಿಗೆ ಬರಬೇಕಿಲ್ಲ.

ವಕೀಲರು ಬದಲಾಗಿರುತ್ತಾರೆ, ತೀರಿಕೊಂಡಿರುತ್ತಾರೆ, ಕಕ್ಷಿದಾರನ ಫೋನ್ ನಂಬರ್ ಬದಲಾಗಿ ಅವರಿಗೆ ತಿಳಿಸಲು ಆಗಿರುವುದಿಲ್ಲ. ಇದೂ ನಡೆಯುತ್ತದೆ.

ಇನ್ನು ಸಾಕ್ಷಿಗಳು. ವಾರಂಟ್ ಬರೀ ಆರೋಪಿಗಳಿಗೆ ಅಂತ ತಿಳಿಯಬೇಡಿ. ಊರಿನಲ್ಲಿ ಪೊಲೀಸರು ಪಂಚನಾಮೆ ಮಾಡುವಾಗ "ಇಲ್ಲೊಂದು ಸಹಿ ಹಾಕಪ್ಪಾ" ಅನ್ನುತ್ತಾರೆ. ಹಾಕಿದವನು ಮರೆತುಬಿಡುತ್ತಾನೆ. ನಾಲ್ಕೈದು ವರ್ಷ ಬಿಟ್ಟು ಕೋರ್ಟಿನಿಂದ ಸಮನ್ಸ್ ಬರುತ್ತದೆ. ಹೋಗದಿದ್ದರೆ ಸಾಕ್ಷಿಗೂ ವಾರಂಟ್ ಹೊರಡುತ್ತದೆ. ಅವನು ಮಾಡಿದ್ದು ಪೊಲೀಸರಿಗೆ ಸಹಾಯ. ಈಗ ಅದೇ ಸ್ಟೇಷನ್‌ನವರು ಅವನನ್ನು ಹುಡುಕುತ್ತಾರೆ. ಸಹಿ ಹಾಕುವ ದಿನವೇ ಯಾವ ಸ್ಟೇಷನ್, ಯಾವ ಕ್ರೈಂ ನಂಬರ್ ಅಂತ ಬರೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ವಾರಂಟ್‌ಗೆ ಅವಧಿ ಇಲ್ಲ

"ಏಳು ವರ್ಷ ಆಯಿತು, ಅದೆಲ್ಲ ಬಿದ್ದುಹೋಗಿರುತ್ತೆ" ಅನ್ನುವ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಇದು ತಪ್ಪು. ನಾಗರಿಕ ಸುರಕ್ಷಾ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ, ವಾರಂಟ್ ಹೊರಡಿಸಿದ ಕೋರ್ಟೇ ಅದನ್ನು ರದ್ದು ಮಾಡುವ ತನಕ ಅಥವಾ ಅದು ಜಾರಿಯಾಗುವ ತನಕ ಜೀವಂತವಾಗಿರುತ್ತದೆ. ಹಳೆಯ ಕಾನೂನಿನಲ್ಲಿ ಇದು 70ನೇ ಸೆಕ್ಷನ್ ಆಗಿತ್ತು. ಹಳೆಯ ಕೇಸುಗಳಿಗೆ ವಕೀಲರು ಈಗಲೂ "70(2) ಅರ್ಜಿ" ಅನ್ನುತ್ತಾರೆ, ಹೊಸದಕ್ಕೆ "72(2)" ಅನ್ನುತ್ತಾರೆ. ಎರಡೂ ವಾರಂಟ್ ರದ್ದು ಮಾಡಿ ಅಂತ ಕೇಳುವ ಅರ್ಜಿಗಳೇ.

ಊರು ಬಿಟ್ಟರೆ ಬಚಾವ್ ಅನ್ನುವುದೂ ಸುಳ್ಳು. ಸಿಂಧನೂರಿನ ವಾರಂಟನ್ನು ಭಾರತದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು.

ಆರೋಪಿ ಎಷ್ಟು ಹುಡುಕಿದರೂ ಸಿಗದಿದ್ದರೆ ಕೋರ್ಟ್ ಮುಂದಿನ ಹೆಜ್ಜೆ ಇಡುತ್ತದೆ. ಅದು ಉದ್ಘೋಷಣೆ. ಇಂಥ ದಿನದೊಳಗೆ ಹಾಜರಾಗಿ ಅಂತ ಕನಿಷ್ಠ 30 ದಿನ ಕೊಟ್ಟು, ಊರಿನಲ್ಲಿ ಎಲ್ಲರೆದುರು ಓದಿ ಹೇಳಿ, ಮನೆಗೆ ನೋಟಿಸ್ ಅಂಟಿಸುತ್ತಾರೆ. ಅದಕ್ಕೂ ಬರದಿದ್ದರೆ ಆಸ್ತಿ ಜಪ್ತಿಗೆ ಆದೇಶ ಆಗಬಹುದು. ಅಷ್ಟೇ ಅಲ್ಲ, ಬರದೇ ಇದ್ದದ್ದೇ ಒಂದು ಹೊಸ ಅಪರಾಧ ಆಗುತ್ತದೆ. ಜಾಮೀನಿನ ಮೇಲೆ ಹೊರಗಿದ್ದು ಸರಿಯಾದ ಕಾರಣವಿಲ್ಲದೆ ಕೋರ್ಟಿಗೆ ಬರದಿದ್ದರೆ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 269ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು. ಉದ್ಘೋಷಣೆಗೂ ಬರದಿದ್ದರೆ 209ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ. ಬದುವಿನ ಜಗಳದ ಮೂಲ ಕೇಸಿನಲ್ಲಿ ಬಿಡುಗಡೆಯೇ ಆಗುತ್ತಿತ್ತೇನೋ. ತಪ್ಪಿಸಿಕೊಂಡು ಓಡಾಡಿದ್ದಕ್ಕೆ ಶಿಕ್ಷೆ ಆದರೆ ಯಾರಿಗೆ ಹೇಳುವುದು?

ಕೇಸು ಹೀಗೆ ಎಳೆಯುತ್ತಾ ಹೋದರೆ ಅದನ್ನು ಎಲ್‌ಪಿಸಿ, ಅಂದರೆ ಲಾಂಗ್ ಪೆಂಡಿಂಗ್ ಕೇಸ್ ಅಂತ ಬೇರೆ ರಿಜಿಸ್ಟರಿಗೆ ಸೇರಿಸುತ್ತಾರೆ. ಕೋರ್ಟಿನಲ್ಲಿ ದಿನವೂ ಕೂಗುವುದು ನಿಲ್ಲುತ್ತದೆ. ಆರೋಪಿಗೆ ಇದು ನೆಮ್ಮದಿ ಅನಿಸುತ್ತದೆ. ನೆಮ್ಮದಿಯೇನಲ್ಲ. ಸ್ಟೇಷನ್‌ನಲ್ಲಿ ಎಲ್‌ಪಿಸಿ ವಾರಂಟ್‌ಗಳ ಪಟ್ಟಿ ಇರುತ್ತದೆ, ಆಗಾಗ ವಿಶೇಷ ತಂಡ ಮಾಡಿ ಹುಡುಕುತ್ತಾರೆ. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದವರನ್ನು ವರ್ಷಗಳ ನಂತರ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯುವಾಗಲೇ ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಪಾಸ್‌ಪೋರ್ಟ್ ಕಾಯ್ದೆ ಕೂಡ, ವಾರಂಟ್ ಇರುವವರಿಗೆ ಪಾಸ್‌ಪೋರ್ಟ್ ಕೊಡದಿರಲು, ಕೊಟ್ಟದ್ದನ್ನು ವಶಕ್ಕೆ ಪಡೆಯಲು ಅಧಿಕಾರಿಗಳಿಗೆ ಅವಕಾಶ ಕೊಟ್ಟಿದೆ.

ಇದೆಯೋ ಇಲ್ಲವೋ ಅಂತ ನೋಡುವುದು

ಮೊಬೈಲ್‌ನಲ್ಲೇ ಶುರು ಮಾಡಬಹುದು. ಇ-ಕೋರ್ಟ್ಸ್ ಸರ್ವಿಸಸ್ ಅನ್ನುವ ಸರ್ಕಾರಿ ವೆಬ್‌ಸೈಟ್ ಮತ್ತು ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ತಾಲೂಕು ಕೋರ್ಟುಗಳೂ ಅದರಲ್ಲಿವೆ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಕರ್ನಾಟಕದ್ದಾದರೆ ಅದು ಕೆ, ಎ ಅಕ್ಷರಗಳಿಂದ ಶುರುವಾಗುತ್ತದೆ. ಅದು ಗೊತ್ತಿದ್ದರೆ ಒಂದೇ ನಿಮಿಷದ ಕೆಲಸ.

ಗೊತ್ತಿಲ್ಲದಿದ್ದರೆ ಕೇಸ್ ಸ್ಟೇಟಸ್ ಒತ್ತಿ, ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಹೆಸರು ಮತ್ತು ಕೇಸು ದಾಖಲಾದ ವರ್ಷ ಹಾಕಿ ಹುಡುಕಬೇಕು. ಸ್ಟೇಷನ್ ಮತ್ತು ಎಫ್‌ಐಆರ್ ನಂಬರ್ ಹಾಕಿಯೂ ಹುಡುಕಬಹುದು. ಹೆಸರಿನಲ್ಲಿ ತುಂಬಾ ಜನ ಎಡವುತ್ತಾರೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ, ಕಾಗುಣಿತ ಅವರವರ ಇಷ್ಟ. ಲಕ್ಷ್ಮಣ ಅಂತ ಹುಡುಕುವಾಗ ಒಬ್ಬರು ಎಕ್ಸ್ ಅಕ್ಷರ ಹಾಕಿರುತ್ತಾರೆ, ಇನ್ನೊಬ್ಬರು ಕೆ, ಎಸ್, ಎಚ್ ಹಾಕಿರುತ್ತಾರೆ. ಹುಸೇನ್, ಈರಣ್ಣ, ಯಲ್ಲಪ್ಪ ಎಲ್ಲದಕ್ಕೂ ಹೀಗೇ. ಪೂರ್ತಿ ಹೆಸರು ಹಾಕುವ ಬದಲು ಮೊದಲ ಮೂರ್ನಾಲ್ಕು ಅಕ್ಷರ ಹಾಕಿ ನೋಡಿ. ಸಿಗದಿದ್ದರೆ ಜೊತೆಯ ಆರೋಪಿಯ ಹೆಸರು ಹಾಕಿ. ದೂರುದಾರರ ಹೆಸರೂ ಹಾಕಿ ನೋಡಿ.

ಕೇಸು ತೆರೆದ ಮೇಲೆ ಮುಂದಿನ ತಾರೀಖು, ಹಂತ ಎರಡೂ ಕಾಣುತ್ತವೆ. ಕೆಳಗೆ ಹಳೆಯ ತಾರೀಖುಗಳ ಪಟ್ಟಿ ಇರುತ್ತದೆ. ಒಂದೊಂದು ತಾರೀಖಿನ ಮೇಲೂ ಒತ್ತಿದರೆ ಅವತ್ತು ಕೋರ್ಟಿನಲ್ಲಿ ಏನಾಯಿತು ಅಂತ ಎರಡು ಸಾಲು ಬರುತ್ತದೆ. ಅಲ್ಲಿ ನೋಡಬೇಕಾದ್ದು: "ಎ3 ಗೈರು, ಇ.ಪಿ. ಇಲ್ಲ, ಎನ್‌ಬಿಡಬ್ಲ್ಯೂ ಹೊರಡಿಸಿ". ಎ3 ಅಂದರೆ ಮೂರನೇ ಆರೋಪಿ. ಇ.ಪಿ. ಅಂದರೆ ಅವತ್ತಿನ ಹಾಜರಿ ಮಾಫಿಗೆ ವಕೀಲರು ಕೊಡುವ ಅರ್ಜಿ. ಎಫ್‌ಎಲ್‌ಡಬ್ಲ್ಯೂ ಅಂತ ಇದ್ದರೆ ಅದು ಬೇರೆ. ಅದು ದಂಡ ಅಥವಾ ಜೀವನಾಂಶದ ಬಾಕಿ ವಸೂಲಿಯ ವಾರಂಟ್. ಬಾಕಿ ಕಟ್ಟುವುದೇ ಅದಕ್ಕೆ ದಾರಿ.

ಈಗ ನಮ್ಮ ಹುಡುಗನ ಕಡೆ ಬನ್ನಿ. ಯಾರೋ ಅವನ ಕೇಸ್ ನಂಬರ್ ಹಾಕಿ ನೋಡುತ್ತಾರೆ. "ವಿಲೇವಾರಿ ಆಗಿದೆ, ಎಲ್ಲರಿಗೂ ಬಿಡುಗಡೆ" ಅಂತ ಬರುತ್ತದೆ. ಅವನು ನಿಟ್ಟುಸಿರು ಬಿಡುತ್ತಾನೆ. ಆದರೆ ಬಿಡುಗಡೆ ಆದದ್ದು ಉಳಿದ ಮೂವರಿಗೆ. ಒಬ್ಬ ಆರೋಪಿ ಸಿಗದಿದ್ದಾಗ ಕೋರ್ಟ್ ಅವನೊಬ್ಬನ ಕೇಸನ್ನು ಬೇರೆ ಮಾಡಿ, ಅದಕ್ಕೆ ಹೊಸ ಸಿ.ಸಿ., ಅಂದರೆ ಕ್ರಿಮಿನಲ್ ಕೇಸ್ ನಂಬರ್ ಕೊಡುತ್ತದೆ. ಇದಕ್ಕೆ ಸ್ಪ್ಲಿಟ್ ಅಪ್ ಕೇಸ್ ಅನ್ನುತ್ತಾರೆ. ಹಳೆಯ ನಂಬರ್ ಮುಗಿದಿದೆ, ಅವನ ವಾರಂಟ್ ಹೊಸ ನಂಬರಿನಲ್ಲಿ ಕೂತಿದೆ. ಹಾಗಾಗಿ "ವಿಲೇವಾರಿ" ಅಂತ ಕಂಡ ಕೂಡಲೇ ನಿಲ್ಲಿಸಬೇಡಿ. ಹಿಂದಿನ ತಾರೀಖುಗಳಲ್ಲಿ ಸ್ಪ್ಲಿಟ್ ಅಪ್ ಅನ್ನುವ ಪದ ಇದೆಯಾ ನೋಡಿ, ಅದೇ ಹೆಸರಿನಲ್ಲಿ ಮುಂದಿನ ವರ್ಷಗಳನ್ನೂ ಹುಡುಕಿ.

ಆನ್‌ಲೈನ್‌ನಲ್ಲಿ ಸಿಗಲಿಲ್ಲ ಅಂದರೆ ವಾರಂಟ್ ಇಲ್ಲ ಅಂತ ಅರ್ಥವಲ್ಲ. ಹಳೆಯ ಫೈಲುಗಳ ವಿವರ ಸರಿಯಾಗಿ ಏರಿರುವುದಿಲ್ಲ. ಆಗ ಕೋರ್ಟಿಗೇ ಹೋಗಿ ನೋಡಬೇಕು. ವಕೀಲರ ಮೂಲಕ ಕೋರ್ಟ್ ಕಚೇರಿಯಲ್ಲಿ ಕೇಳಿಸಿದರೆ ರಿಜಿಸ್ಟರ್ ನೋಡಿ ಹೇಳುತ್ತಾರೆ. ಪ್ರತಿ ಸ್ಟೇಷನ್‌ನಿಂದಲೂ ಕೋರ್ಟ್ ಕೆಲಸಕ್ಕೆ ಅಂತ ಒಬ್ಬ ಕಾನ್‌ಸ್ಟೆಬಲ್ ಬರುತ್ತಾರೆ, ಕೋರ್ಟ್ ಪಿಸಿ ಅನ್ನುತ್ತಾರೆ. ಯಾರ ವಾರಂಟ್ ಬಾಕಿ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಎನ್‌ಬಿಡಬ್ಲ್ಯೂ ಇರಬಹುದು ಅನ್ನುವ ಅನುಮಾನ ಇದ್ದರೆ, ಆರೋಪಿಯೇ ಒಬ್ಬನೇ ಸ್ಟೇಷನ್‌ಗೆ ಹೋಗಿ "ನನ್ನ ಮೇಲೆ ಏನಾದರೂ ಇದೆಯಾ" ಅಂತ ಕೇಳುವುದು ಬೇಡ. ಪೊಲೀಸರಿಗೆ ಅವನನ್ನು ಹಿಡಿಯುವುದು ಕರ್ತವ್ಯ. ಮೊದಲು ವಕೀಲರು, ಆಮೇಲೆ ಕೋರ್ಟ್.

ರೀಕಾಲ್ ಮಾಡಿಸುವುದು

ವಕೀಲರು ಮೊದಲು ಫೈಲ್ ನೋಡುತ್ತಾರೆ, ಹೊಸಬರಾದರೆ ವಕಾಲತ್ತು ಹಾಕುತ್ತಾರೆ. ಮುಂದಿನ ತಾರೀಖು ಎರಡು ತಿಂಗಳು ದೂರ ಇದ್ದರೆ, ಅಲ್ಲಿಯ ತನಕ ಕಾಯಬೇಕಿಲ್ಲ. ಕೇಸ್ ಅಡ್ವಾನ್ಸ್ ಮಾಡಿಸುವ ಅರ್ಜಿ ಹಾಕಿ ಅದೇ ದಿನ ಫೈಲನ್ನು ಬೆಂಚಿಗೆ ತರಿಸಬಹುದು. ಎಲ್‌ಪಿಸಿ ಆಗಿದ್ದರೆ ಆ ರಿಜಿಸ್ಟರಿನಿಂದ ಫೈಲ್ ಹೊರಗೆ ತೆಗೆಸಬೇಕು, ಅದಕ್ಕೆ ಒಂದೆರಡು ದಿನ ಜಾಸ್ತಿ ಹಿಡಿಯಬಹುದು. ಜೊತೆಗೆ ವಾರಂಟ್ ರೀಕಾಲ್ ಅರ್ಜಿ, ಅಂದರೆ ವಾರಂಟನ್ನು ವಾಪಸ್ ಪಡೆಯಿರಿ ಅಂತ ಕೇಳುವ ಅರ್ಜಿ. ಅದರಲ್ಲಿ ಬರದಿರಲು ಕಾರಣ ಬರೆಯುತ್ತಾರೆ. ಇಲ್ಲಿ ಸುಳ್ಳು ಬೇಡ. ಆಸ್ಪತ್ರೆಗೇ ಹೋಗದೆ "ಜ್ವರ ಇತ್ತು" ಅಂತ ಬರೆಸುವುದಕ್ಕಿಂತ, "ದುಡಿಯಲು ಬೆಂಗಳೂರಿಗೆ ಹೋಗಿದ್ದೆ, ತಾರೀಖು ತಿಳಿಯಲಿಲ್ಲ" ಅನ್ನುವುದೇ ನಂಬಿಕೆ ಹುಟ್ಟಿಸುತ್ತದೆ. ಗುತ್ತಿಗೆದಾರರ ಚೀಟಿ, ಆಸ್ಪತ್ರೆಯ ಚೀಟಿ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ, ಏನಿದೆಯೋ ಅದನ್ನು ತನ್ನಿ.

ಬೆಳಿಗ್ಗೆಯೇ ಕೋರ್ಟಿನ ಹತ್ತಿರ ಇರಬೇಕು. ಹೆಸರು ಕೂಗಿದಾಗ ಒಳಗೆ ಹೋಗಿ, ಕೈಕಟ್ಟಿ ನಿಂತು, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡಬೇಕು. ನ್ಯಾಯಾಧೀಶರು ಕಾರಣ ಒಪ್ಪಿದರೆ ವಾರಂಟ್ ವಾಪಸ್ ಪಡೆಯುತ್ತಾರೆ. ಸಾಮಾನ್ಯವಾಗಿ ಒಂದಿಷ್ಟು ಕಾಸ್ಟ್, ಅಂದರೆ ತಪ್ಪಿಸಿದ್ದಕ್ಕೆ ಕಟ್ಟಬೇಕಾದ ಹಣ ಹಾಕುತ್ತಾರೆ, ಅವತ್ತೇ ಕಟ್ಟಿ ರಸೀದಿ ತೆಗೆದುಕೊಳ್ಳಬೇಕು. ಹಳೆಯ ಬಾಂಡ್ ಮುಟ್ಟುಗೋಲು ಆಗಿದ್ದರೆ ಹೊಸ ಬಾಂಡ್, ಹೊಸ ಜಾಮೀನುದಾರರು ಬೇಕಾಗುತ್ತಾರೆ. ಜಾಮೀನುದಾರರನ್ನು ಅವತ್ತೇ ಜೊತೆಗೆ ಕರೆದೊಯ್ಯುವುದು ಒಳ್ಳೆಯದು: ಇತ್ತೀಚಿನ ಪಹಣಿ, ಆಧಾರ್, ಫೋಟೋ ಸಮೇತ. "ನಾಳೆ ಕರ್ಕೊಂಡ್ ಬರ್ತೀನಿ ಸ್ವಾಮಿ" ಅಂದರೆ ಅವತ್ತಿನ ರಾತ್ರಿ ಒಳಗೆ ಕಳೆಯಬೇಕಾಗಬಹುದು. ಎಲ್ಲ ಸಲವೂ ರೀಕಾಲ್ ಆಗೇ ಆಗುತ್ತದೆ ಅಂತ ಯಾರೂ ಮಾತು ಕೊಡಲಾರರು. ಪದೇ ಪದೇ ತಪ್ಪಿಸಿದವರನ್ನು, ಗಂಭೀರ ಕೇಸಿನವರನ್ನು ಕೋರ್ಟ್ ಜೈಲಿಗೆ ಕಳಿಸಬಹುದು. ಆಗ ಮತ್ತೆ ಜಾಮೀನು ಅರ್ಜಿ ಹಾಕಬೇಕು.

ದೂರದಲ್ಲಿರುವವರಿಗೆ ಇನ್ನೊಂದು ಮುಖ್ಯ ವಿಷಯ ಇದೆ. 2022ರ ಜುಲೈನಲ್ಲಿ ಸತೇಂದರ್ ಕುಮಾರ್ ಅಂಟಿಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ಗಟ್ಟಿ ಮಾಡಿತು. ಏಳು ವರ್ಷದವರೆಗೆ ಶಿಕ್ಷೆ ಇರುವ ಕೇಸುಗಳಲ್ಲಿ ಇದು ಅನ್ವಯಿಸುತ್ತದೆ. ತನಿಖೆಯ ಹೊತ್ತಿನಲ್ಲಿ ಬಂಧನ ಆಗಿರಬಾರದು, ತನಿಖೆಗೆ ಸಹಕರಿಸಿರಬೇಕು. ಅಂಥವರಿಗೆ ಆದ ಎನ್‌ಬಿಡಬ್ಲ್ಯೂ ಜಾರಿಯಾಗುವ ಮೊದಲೇ ವಕೀಲರು ಅರ್ಜಿ ಹಾಕಿ, "ಮುಂದಿನ ತಾರೀಖಿಗೆ ಖುದ್ದು ಬರುತ್ತಾನೆ" ಅಂತ ಮುಚ್ಚಳಿಕೆ ಕೊಟ್ಟರೆ, ಆರೋಪಿ ಅವತ್ತು ಎದುರಿಗೆ ಇಲ್ಲದಿದ್ದರೂ ವಾರಂಟನ್ನು ರದ್ದು ಮಾಡಬಹುದು ಅಥವಾ ಬೇಲಬಲ್ ವಾರಂಟಿಗೋ ಸಮನ್ಸಿಗೋ ಇಳಿಸಬಹುದು. "ಜಾರಿಯಾಗುವ ಮೊದಲೇ" ಅನ್ನುವ ಮಾತನ್ನು ಗಮನಿಸಿ. ಪೊಲೀಸರು ಹಿಡಿದ ಮೇಲೆ ಈ ದಾರಿ ಮುಚ್ಚಿಹೋಗುತ್ತದೆ.

ವಕೀಲರ ಫೀಸಿಗೆ ಗತಿ ಇಲ್ಲ ಅಂತ ನಿಂತುಬಿಡುವವರು ಇದ್ದಾರೆ. ಪ್ರತಿ ತಾಲೂಕು ಕೋರ್ಟಿನಲ್ಲೂ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಇದು ದಾನವಲ್ಲ, 1987ರ ಕಾಯ್ದೆ ಕೊಟ್ಟ ಹಕ್ಕು.

ಹಿಡಿದೇ ಬಿಟ್ಟರೆ

ವಾರಂಟಿನಲ್ಲಿ ಏನಿದೆ ಅಂತ ಪೊಲೀಸರು ಹೇಳಬೇಕು, ಕೇಳಿದರೆ ತೋರಿಸಬೇಕು. ಕೋರ್ಟಿನ ಮೊಹರು, ನ್ಯಾಯಾಧೀಶರ ಸಹಿ, ನಿಮ್ಮ ಹೆಸರು, ಕೇಸ್ ನಂಬರ್ ನೋಡಿ. ಹಳ್ಳಿಯಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ, ತಂದೆಯ ಹೆಸರು ಸರಿಯಿದೆಯಾ ಅಂತ ಮರೆಯದೆ ನೋಡಬೇಕು. ಬೇಲಬಲ್ ವಾರಂಟ್ ಆಗಿದ್ದರೆ ಬಾಂಡ್ ಕೊಟ್ಟು ಬಿಡಿಸಿಕೊಳ್ಳಿ. ಅದು ಬಾಂಡ್, ಕೈಗೆ ದುಡ್ಡು ಕೊಡುವುದಲ್ಲ. ಹಿಡಿದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ಬೇರೆ ಜಿಲ್ಲೆಯಲ್ಲಿ ಹಿಡಿದು, ವಾರಂಟ್ ಹೊರಡಿಸಿದ ಕೋರ್ಟ್ 30 ಕಿಲೋಮೀಟರಿಗಿಂತ ದೂರ ಇದ್ದರೆ, ಸಾಮಾನ್ಯವಾಗಿ ಹಿಡಿದ ಜಾಗದ ಮ್ಯಾಜಿಸ್ಟ್ರೇಟರ ಅಥವಾ ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಮೊದಲು ಕರೆದೊಯ್ಯಬೇಕು. ಬೇಲಬಲ್ ಅಪರಾಧವಾದರೆ ಅಲ್ಲೇ ಜಾಮೀನು ಕೇಳಬಹುದು. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಮಹಿಳಾ ಅಧಿಕಾರಿಯೇ ಬರಬೇಕು.

ಫೋನಿನಲ್ಲಿ, ವಿಡಿಯೋ ಕಾಲಿನಲ್ಲಿ ಬರುವ "ವಾರಂಟ್" ಮಾತ್ರ ಪೂರ್ತಿ ಸುಳ್ಳು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲ. ದುಡ್ಡು ಕಳಿಸಿದರೆ ವಾರಂಟ್ ರದ್ದು ಅಂದವರ ಫೋನ್ ಇಟ್ಟು 1930ಕ್ಕೆ ದೂರು ಕೊಡಿ.

ಜಾಮೀನು ನಿಂತವರ ಪಾಡು

ನಮ್ಮ ಹುಡುಗನಿಗೆ ಪಹಣಿ ಕೊಟ್ಟ ಹಿರಿಯರನ್ನು ಮರೆಯುವ ಹಾಗಿಲ್ಲ. ಅವನು ಬರದ ದಿನವೇ ಅವರಿಗೂ ಕಷ್ಟ ಶುರುವಾಯಿತು. ಬಾಂಡ್ ಮುಟ್ಟುಗೋಲು ಹಾಕಿ, "ಈ ಹಣ ಕಟ್ಟಿ ಅಥವಾ ಯಾಕೆ ಕಟ್ಟಬಾರದು ಹೇಳಿ" ಅಂತ ಕೋರ್ಟ್ ಜಾಮೀನುದಾರರಿಗೆ ನೋಟಿಸ್ ಕಳಿಸುತ್ತದೆ. ಕಟ್ಟದಿದ್ದರೆ ದಂಡದ ಹಾಗೆ ವಸೂಲಿ ಮಾಡುತ್ತದೆ. ವಸೂಲಿ ಆಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ನಂಬಿಕೆಯ ಮೇಲೆ ಹೊಲದ ಕಾಗದ ಕೊಟ್ಟವರಿಗೆ ಇದು ಬರಬಾರದ ಗತಿ.

ನೋಟಿಸ್ ಬಂದ ಜಾಮೀನುದಾರರು ಸುಮ್ಮನಿರಬಾರದು. ಕೋರ್ಟಿಗೆ ಹೋಗಿ, ಆರೋಪಿಯನ್ನು ಹುಡುಕಲು ಸಮಯ ಕೇಳಬಹುದು. ಅವನನ್ನು ಕರೆತಂದು ನಿಲ್ಲಿಸಿದರೆ, ದಂಡದಲ್ಲಿ ಒಂದು ಭಾಗವನ್ನು ಕಾರಣ ಬರೆದು ಬಿಟ್ಟುಬಿಡುವ ಅಧಿಕಾರ ಕೋರ್ಟಿಗೆ ಇದೆ. ಹುಡುಗ ಕೈಗೆ ಸಿಗುವುದಿಲ್ಲ ಅಂತ ಮೊದಲೇ ಅನಿಸಿದರೆ, "ನನ್ನನ್ನು ಜಾಮೀನಿನಿಂದ ಬಿಡಿಸಿ" ಅಂತ ಅರ್ಜಿ ಹಾಕುವ ಹಕ್ಕೂ ಅವರಿಗಿದೆ.

ರದ್ದಾದ ಮೇಲೆ ಒಂದು ಕೆಲಸ ಬಾಕಿ

ಮುಂಬೈನಲ್ಲಿ 2002ರಲ್ಲಿ ಒಬ್ಬ ವಕೀಲರ ಮೇಲಿನ ವಾರಂಟನ್ನು ಕೋರ್ಟ್ ಆಗಸ್ಟ್ 12ಕ್ಕೆ ರದ್ದು ಮಾಡಿತ್ತು. ಆಗಸ್ಟ್ 15ಕ್ಕೆ, ಸ್ವಾತಂತ್ರ್ಯ ದಿನದಂದು, ಪೊಲೀಸರು ಅದೇ ವಾರಂಟಿನ ಮೇಲೆ ಅವರನ್ನು ಹಿಡಿದರು. ರಘುವಂಶ್ ದೇವಾನ್‌ಚಂದ್ ಭಾಸಿನ್ ಅವರ ಈ ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2011ರಲ್ಲಿ ತೀರ್ಪು ಬಂತು. ವಾರಂಟ್ ಹೊರಡಿಸಿದರೆ ರಿಜಿಸ್ಟರಿನಲ್ಲಿ ಬರೆಯಬೇಕು, ರದ್ದಾದರೆ ಅದನ್ನೂ ಬರೆಯಬೇಕು, ಆದೇಶದ ಪ್ರತಿಯನ್ನು ಪೊಲೀಸರಿಗೆ ಕಳಿಸಿ ವಾರಂಟನ್ನು ಕೂಡಲೇ ವಾಪಸ್ ತರಿಸಬೇಕು, ಆರೋಪಿಗೂ ಒಂದು ಪ್ರತಿ ಕೊಡಬೇಕು ಅಂತ ಹೇಳಿತು.

ಕಾನೂನು ಬಲ್ಲ ವಕೀಲರಿಗೇ ಹೀಗಾದರೆ ಹಳ್ಳಿಯ ಹುಡುಗನ ಗತಿ ಏನು? ಹಾಗಾಗಿ ರೀಕಾಲ್ ಆದ ದಿನವೇ ಮನೆಗೆ ಓಡಬೇಡಿ. ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ರೀಕಾಲ್ ಆದ ಸೂಚನೆ ಸ್ಟೇಷನ್‌ಗೆ ಹೋಗಿದೆಯಾ ಅಂತ ವಕೀಲರ ಮೂಲಕ ಕೋರ್ಟ್ ಪಿಸಿಗೆ ಕೇಳಿಸಿ. ನಕಲು ಕೈಗೆ ಬಂದಾಗ ಫೋಟೋ ತೆಗೆದು ನಿಮ್ಮ ಫೋನಿನಲ್ಲಿ, ಮನೆಯವರ ಫೋನಿನಲ್ಲಿ ಇಟ್ಟುಕೊಳ್ಳಿ.

ಇನ್ನು ಮುಂದೆ ಒಂದು ತಾರೀಖಿಗೆ ಬರಲು ಆಗದಿದ್ದರೆ ಹಿಂದಿನ ರಾತ್ರಿಯೇ ವಕೀಲರಿಗೆ ಫೋನ್ ಮಾಡಿ ಕಾರಣ ಹೇಳಿ, ಅವರು ಇ.ಪಿ. ಹಾಕುತ್ತಾರೆ. ಪ್ರತಿ ತಾರೀಖಿಗೂ ಬೆಂಗಳೂರಿನಿಂದ ಬಸ್ ಹತ್ತುವುದು ಆಗದ ಮಾತಾದರೆ, ಖುದ್ದು ಹಾಜರಿಯಿಂದಲೇ ವಿನಾಯಿತಿ ಕೊಡಿ ಅಂತ ಕೇಳುವ ಅರ್ಜಿಯೂ ಇದೆ. ಸಣ್ಣ ಕೇಸುಗಳಲ್ಲಿ ಅದನ್ನು ಕೇಳಿ ನೋಡಿ ಅಂತ ವಕೀಲರಿಗೆ ಹೇಳಿ. ಸಿಎನ್‌ಆರ್ ನಂಬರ್, ವಕೀಲರ ನಂಬರ್, ಮುಂದಿನ ತಾರೀಖು, ಈ ಮೂರನ್ನೂ ಊರ ಮನೆಯ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಸಿ. ಬೀಟ್ ಪೊಲೀಸರು ಮತ್ತೆ ಬಂದು ಕೇಳಿದರೆ, ತಾಯಿ ಆ ಕ್ಯಾಲೆಂಡರ್ ತೋರಿಸಿ, "ರೀಕಾಲ್ ಆಗಿದೆ ಸಾರ್, ನಕಲು ಇಲ್ಲಿದೆ, ಮುಂದಿನ ತಾರೀಖಿಗೆ ಮಗ ಬರ್ತಾನೆ" ಅನ್ನಬಹುದು.